ರಾಹೇಲಳ ಕಲ್ಲು, ಯಾಕೋಬನ ಗುಡಾರ

ಭಾನುವಾರದ ಆರಾಧನೆಯ ಸಂದೇಶ
ವಾಕ್ಯಭಾಗ: ಆದಿಕಾಂಡ 35:16–21

ಕೂತ್ಕೊಳ್ಳಿ ದೇವಜನರೇ. ಬೈಬಲ್ ಇರುವವರು ಆದಿಕಾಂಡ 35ನೇ ಅಧ್ಯಾಯ ತೆಗೆದು ಇಟ್ಟುಕೊಳ್ಳಿ.

ಈ ದಿನದ ವಿಷಯ ಸಾಮಾನ್ಯವಾಗಿ ಪುಲ್ಪಿಟ್ ಮೇಲಿಂದ ಯಾರೂ ಮಾತಾಡೋದಿಲ್ಲ. ಆದರೆ ಈ ವರ್ಷ ನಮ್ಮ ಸಭೆಯ ಮೂರು ಮನೆಗಳಿಂದ ಪ್ರಿಯರು ಕರ್ತನಲ್ಲಿ ನಿದ್ರೆಹೋದರು. ಮೂರು ಮನೆಯವರೂ ಬೇರೆ ಬೇರೆಯಾಗಿ ಬಂದು ಒಂದೇ ಪ್ರಶ್ನೆ ಕೇಳಿದರು. "ಪಾಸ್ಟರ್, ಸಮಾಧಿಗೆ ಕಲ್ಲು ಹಾಕಿಸಬಹುದಾ? ಹಾಕಿಸಿದರೆ ಎಂಥದ್ದು? ಎಷ್ಟು ಖರ್ಚು ಮಾಡಬೇಕು?" ಅದರಲ್ಲಿ ಒಬ್ಬ ತಂಗಿ ಈ ಪ್ರಶ್ನೆಯನ್ನ ಯಾವುದೋ ಪಾಪ ಹೇಳಿಕೊಳ್ಳುವ ಹಾಗೆ ತಲೆ ತಗ್ಗಿಸಿ, ಮೆಲ್ಲಗೆ ಕೇಳಿದಳು. ಅವಳ ಅನುಮತಿ ಪಡೆದೇ ಇವತ್ತು ಮಾತಾಡ್ತಾ ಇದ್ದೀನಿ.

ಈ ಪ್ರಶ್ನೆಗೆ ದೇವರ ವಾಕ್ಯದಲ್ಲಿ ಉತ್ತರ ಇದೆಯಾ? ಇದೆ. ನೋಡೋಣ.

ಯಾಕೋಬ ಪ್ರಯಾಣದಲ್ಲಿದ್ದಾನೆ. ಬೇತೇಲಿನಿಂದ ಹೊರಟಿದ್ದಾರೆ, ಎಫ್ರಾತ ಇನ್ನೂ ಸ್ವಲ್ಪ ದೂರ. ದಾರಿಯಲ್ಲೇ ರಾಹೇಲಳಿಗೆ ಹೆರಿಗೆ ನೋವು. ಮಗು ಬದುಕಿತು, ತಾಯಿ ಹೋದಳು. ಆ ಹೆಂಡತಿಗಾಗಿ ಯಾಕೋಬ ಹದಿನಾಲ್ಕು ವರ್ಷ ದುಡಿದಿದ್ದ. ಅವಳನ್ನ ಮಣ್ಣು ಮಾಡಿದ್ದು ಊರಲ್ಲಿ ಅಲ್ಲ, ದಾರಿ ಪಕ್ಕದಲ್ಲಿ. ಆಮೇಲೆ 20ನೇ ವಚನ ನೋಡಿ. ಅವಳ ಸಮಾಧಿಯ ಮೇಲೆ ಯಾಕೋಬ ಒಂದು ಕಲ್ಲಿನ ಕಂಬ ನಿಲ್ಲಿಸಿದ. ಸಮಾಧಿಗೆ ಕಲ್ಲು ನಿಲ್ಲಿಸಿದ್ದನ್ನ ಬೈಬಲ್ ಮೊದಲು ಹೇಳೋದು ಇಲ್ಲೇ.

ನಮ್ಮಲ್ಲಿ ಕೆಲವರು ಹೇಳ್ತಾರೆ, "ಪಾಸ್ಟರ್, ನಾವು ಪೆಂತೆಕೋಸ್ತಿನವರು, ನಮಗೆ ಕಲ್ಲು, ಸಮಾಧಿ ಇದೆಲ್ಲ ಯಾಕೆ? ವಿಗ್ರಹದ ಹಾಗೆ ಆಗಲ್ವಾ?" ಅವರ ಭಯ ನನಗೆ ಅರ್ಥ ಆಗುತ್ತೆ. ಸತ್ತವರಿಗೆ ನಾವು ಪ್ರಾರ್ಥನೆ ಮಾಡೋದಿಲ್ಲ. ಸಮಾಧಿ ಮುಂದೆ ಎಡೆ ಇಡೋದಿಲ್ಲ. ಆ ಕಲ್ಲಿನಿಂದ ಆಶೀರ್ವಾದವೂ ಬರಲ್ಲ, ಶಾಪವೂ ಬರಲ್ಲ. ಇದರಲ್ಲಿ ಎರಡು ಮಾತಿಲ್ಲ. ಆದರೆ ಯಾಕೋಬ ಆ ಕಲ್ಲಿಗೆ ಅಡ್ಡಬಿದ್ದ ಅಂತ ವಾಕ್ಯ ಹೇಳಲ್ಲ. ಗುರುತು ಇಟ್ಟ, ಅಷ್ಟೇ. ಇಲ್ಲಿ ನನ್ನವಳು ಮಲಗಿದ್ದಾಳೆ, ಯಾರೂ ತುಳಿದುಕೊಂಡು ಹೋಗಬೇಡಿ ಅನ್ನೋ ಗುರುತು. ಎಷ್ಟೋ ತಲೆಮಾರು ಆದಮೇಲೆ 1 ಸಮುವೇಲ 10:2ರಲ್ಲಿ ಸಮುವೇಲ ಪ್ರವಾದಿ ಸೌಲನಿಗೆ ದಾರಿ ಹೇಳುವಾಗ ರಾಹೇಲಳ ಸಮಾಧಿಯ ಹತ್ತಿರ ಇಬ್ಬರು ಸಿಗ್ತಾರೆ ಅಂತಾನೆ. ಅಷ್ಟು ಕಾಲ ಆ ಗುರುತು ಉಳಿದಿತ್ತು. ಪ್ರೀತಿ ಗುರುತು ಇಡುತ್ತದೆ, ದೇವರು ಅದನ್ನ ಗದರಿಸಲಿಲ್ಲ. ಆದ್ದರಿಂದ ಕಲ್ಲು ಹಾಕಿಸಬಹುದಾ ಅಂದರೆ, ಧಾರಾಳವಾಗಿ ಹಾಕಿಸಬಹುದು. ತಲೆ ಎತ್ತಿ ಹಾಕಿಸಿ. ಆಮೆನ್?

ಎರಡನೇ ಪ್ರಶ್ನೆ, ಖರ್ಚು. ಇದಕ್ಕೆ ಆದಿಕಾಂಡ 23ಕ್ಕೆ ಹೋಗಬೇಕು.

ಸಾರಾ ನೂರ ಇಪ್ಪತ್ತೇಳು ವರ್ಷ ಬದುಕಿ ಹೆಬ್ರೋನಿನಲ್ಲಿ ತೀರಿಕೊಂಡಳು. ಅಬ್ರಹಾಮನಿಗೆ ದೇವರು ಇಡೀ ದೇಶವನ್ನೇ ವಾಗ್ದಾನ ಮಾಡಿದ್ದಾರೆ, ಆದರೆ ಹೆಂಡತಿಯನ್ನ ಮಣ್ಣು ಮಾಡೋಕೆ ಒಂದು ಗೇಣು ಜಾಗ ಇಲ್ಲ. ಪರದೇಶಿ. ಹೋಗಿ ಹಿತ್ತಿಯರ ಮುಂದೆ ನಿಂತು ಕೇಳಿಕೊಳ್ತಾನೆ. ಎಫ್ರೋನ ಏನಂತಾನೆ? ಹೊಲವನ್ನೇ ಕೊಡ್ತೀನಿ ಸ್ವಾಮಿ, ಸುಮ್ಮನೆ ತಗೊಳ್ಳಿ ಅಂತಾನೆ. ಅಬ್ರಹಾಮ ಒಪ್ಪಲಿಲ್ಲ. ಆಗ ಎಫ್ರೋನ, ನಾಲ್ಕುನೂರು ಶೆಕೆಲ್ ಬೆಳ್ಳಿಯ ಜಮೀನು, ನಮ್ಮ ನಿಮ್ಮ ಮಧ್ಯೆ ಅದೇನು ದೊಡ್ಡದು ಅಂತಾನೆ. ನೋಡಿದ್ರಾ? ದುಡ್ಡಿನ ಮಾತು ಬೇಡ ಅಂತ ಹೇಳ್ತಾ ಹೇಳ್ತಾ ರೇಟು ಹೇಳಿಬಿಟ್ಟ! ನಗ್ತೀರಿ, ಯಾಕಂದ್ರೆ ಇದು ನಮಗೂ ಗೊತ್ತಿರುವ ವ್ಯಾಪಾರ.

ಅಬ್ರಹಾಮ ಏನು ಮಾಡಿದ? ಕಣ್ಣಲ್ಲಿ ನೀರು ಇನ್ನೂ ಆರಿಲ್ಲ, ಆದರೂ ಬೆಳ್ಳಿಯನ್ನ ವರ್ತಕರ ತೂಕದ ಪ್ರಕಾರ ತೂಗಿ ಕೊಟ್ಟ. ಊರ ಬಾಗಿಲಲ್ಲಿ, ಸಾಕ್ಷಿಗಳ ಮುಂದೆ. 17ನೇ ವಚನ ಓದಿ ನೋಡಿ: ಹೊಲ, ಅದರಲ್ಲಿರುವ ಗವಿ, ಸುತ್ತಲಿನ ಎಲ್ಲೆಯೊಳಗಿನ ಮರಗಳು, ಎಲ್ಲಾ ಹೆಸರು ಹಿಡಿದು ಬರೆದಿದೆ. ನಮ್ಮ ಕ್ರಯಪತ್ರದಲ್ಲಿ ಚೆಕ್ಕುಬಂದಿ ಬರೆಸುವ ಹಾಗೆ. ದುಃಖದಲ್ಲಿದ್ದರೂ ಲೆಕ್ಕ ತಪ್ಪಲಿಲ್ಲ. ಇದು ವಿಶ್ವಾಸದ ಕೊರತೆಯಲ್ಲ ಪ್ರಿಯರೇ, ವಿವೇಕ.

ನಾವು ಏನು ಮಾಡ್ತೀವಿ? ಮಣ್ಣು ಮಾಡಿ ಬಂದ ವಾರವೇ, ಅತ್ತು ಅತ್ತು ತಲೆ ಭಾರ ಆಗಿರುವಾಗ ಹೋಗಿ ಅಡ್ವಾನ್ಸ್ ಕೊಟ್ಟು ಬರ್ತೀವಿ. ಸ್ವಲ್ಪ ತಡೆಯಿರಿ. ಹೊಸ ಗುಂಡಿಯ ಮಣ್ಣು ಕುಸಿಯುತ್ತೆ. ಒಂದು ಮಳೆಗಾಲ ಕಳೆಯುವ ಮೊದಲೇ ಭಾರದ ಕಲ್ಲು ಕೂರಿಸಿದರೆ ಒಂದು ಕಡೆ ವಾಲುತ್ತೆ, ಬಿರುಕು ಬಿಡುತ್ತೆ. ಅಲ್ಲಿವರೆಗೆ ಒಂದು ಮರದ ಶಿಲುಬೆ, ಅದರ ಮೇಲೆ ಹೆಸರು, ಸಾಕು. ಆ ತಿಂಗಳುಗಳಲ್ಲಿ ನಿಮ್ಮ ಮನಸ್ಸೂ ಸ್ವಲ್ಪ ನೆಲೆಗೆ ಬರುತ್ತೆ.

ಮೊದಲು ಸಿಮಿಟ್ರಿ ಕಮಿಟಿಯವರನ್ನ ಕೇಳಿ. ಆ ಜಾಗದಲ್ಲಿ ಶಾಶ್ವತವಾಗಿ ಕಟ್ಟೋಕೆ ಅನುಮತಿ ಇದೆಯಾ, ಎಷ್ಟು ಉದ್ದ, ಎಷ್ಟು ಅಗಲ, ಅದಕ್ಕೆ ಬೇರೆ ಫೀಸ್ ಇದೆಯಾ. ನಮ್ಮ ಬೆಂಗಳೂರಿನಲ್ಲಿ ಮಣ್ಣಿಗೆ ಜಾಗವೇ ಸಾಲದು. ಒಂದೇ ಕುಟುಂಬದವರಿಗೆ ಅದೇ ಸಮಾಧಿ ಮತ್ತೆ ತೆರೆಯುವ ಪದ್ಧತಿ ಇದೆ. ಕಲ್ಲು ಮಾಡಿಸಿದ ಮೇಲೆ ಅನುಮತಿ ಇಲ್ಲ ಅಂದರೆ ದುಡ್ಡೂ ಹೋಯ್ತು, ಮನಸ್ಸೂ ಮುರೀತು. ಮುಂದೆ ಅದೇ ಜಾಗದಲ್ಲಿ ತಂದೆಯನ್ನೋ ತಾಯಿಯನ್ನೋ ಇಡಬೇಕಾಗಬಹುದು ಅಂದರೆ ಕಲ್ಲಿನಲ್ಲಿ ಇನ್ನೊಂದು ಹೆಸರಿಗೆ ಜಾಗ ಬಿಡಿಸಿ.

ಆಮೇಲೆ ಕಲ್ಲು. ಕಲ್ಲಿನ ವಿಷಯದಲ್ಲಿ ದೇವರು ನಮ್ಮ ನಾಡಿಗೆ ಕಡಿಮೆ ಮಾಡಿಲ್ಲ. ಚಾಮರಾಜನಗರದ ಕಪ್ಪು ಗ್ರಾನೈಟ್ ಸಮಾಧಿ ಕಲ್ಲುಗಳಿಗಾಗಿ ಹೊರದೇಶಕ್ಕೂ ಹೋಗುತ್ತೆ. ಇಳಕಲ್ ಕಡೆಯ ಕೆಂಪು ಕಲ್ಲು ಇದೆ. ಬಿಳಿ ಮಾರ್ಬಲ್ ನೋಡೋಕೆ ಚಂದ, ಆದರೆ ಮಳೆ ಬಿದ್ದು ಬಿದ್ದು ಅಕ್ಷರ ಸವೆಯುತ್ತೆ. ಗ್ರಾನೈಟ್ ತಡೆಯುತ್ತೆ. ಅಕ್ಷರ ಆಳವಾಗಿ ಕೆತ್ತಿಸಿ. ಬರೀ ಬಣ್ಣದಲ್ಲಿ ಬರೆಸಿದ್ದು ಕೆಲವೇ ವರ್ಷದಲ್ಲಿ ಮಾಸುತ್ತೆ. ಕೆತ್ತಿದ ಅಕ್ಷರದ ಬಣ್ಣ ಹೋದರೂ ಅಕ್ಷರ ಉಳಿಯುತ್ತೆ, ಮತ್ತೆ ಬಣ್ಣ ತುಂಬಿಸಬಹುದು. ಕಲ್ಲಿಗೆ ಎಷ್ಟು, ಅಕ್ಷರಕ್ಕೆ ಎಷ್ಟು, ಸಾಗಾಣಿಕೆಗೆ ಎಷ್ಟು, ಕಾಂಕ್ರೀಟ್ ಹಾಕಿ ಕೂರಿಸೋಕೆ ಎಷ್ಟು, ಎಲ್ಲಾ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಎರಡು ಮೂರು ಕಡೆ ವಿಚಾರಿಸಿ. ಹಾಗಂತ ಕೆಲಸಗಾರನ ಕೂಲಿಯಲ್ಲಿ ಹಿಂಡಬೇಡಿ. ಕಲ್ಲು ಕೊರೆಯುವವನ ಎದೆಗೆ ಆ ಧೂಳು ಇಳಿಯುತ್ತೆ, ಅದರಿಂದ ಶ್ವಾಸಕೋಶದ ಕಾಯಿಲೆ ಬರುತ್ತೆ. ನಿಮ್ಮ ಪ್ರಿಯರ ಹೆಸರನ್ನ ಕೆತ್ತುವವನು ನಿಮ್ಮ ಬಗ್ಗೆ ದೇವರ ಹತ್ತಿರ ದೂರು ಹೇಳುವ ಹಾಗೆ ಆಗಬಾರದು. ಯಾಕೋಬ 5:4 ಮನೆಗೆ ಹೋಗಿ ಓದಿಕೊಳ್ಳಿ.

ಈಗ ಆ ತಂಗಿಯ ವಿಷಯಕ್ಕೆ ಬರ್ತೀನಿ. ಗಂಡ ಹೋಗಿ ಐದು ತಿಂಗಳು. ಇಬ್ಬರು ಮಕ್ಕಳು ಓದ್ತಾ ಇದ್ದಾರೆ. ಗಂಡನ ಕಡೆಯವರು ಮನೆಗೆ ಬಂದು, "ಅಷ್ಟು ಒಳ್ಳೆಯವನಿಗೆ ಒಂದು ಕಲ್ಲು ಹಾಕಿಸೋ ಯೋಗ್ಯತೆ ಇಲ್ವಾ ನಿನಗೆ?" ಅಂದುಹೋದರು. ಮಾತಾಡಿದವರು ಒಂದು ರೂಪಾಯಿ ಬಿಚ್ಚಲಿಲ್ಲ. ಇವಳು ಸಂಘದಲ್ಲಿ ಸಾಲಕ್ಕೆ ಅರ್ಜಿ ಹಾಕಿದಳು. ವಾರ ವಾರ ಕಟ್ಟೋದು. ಮಗಳ ಕಾಲೇಜು ಫೀಸು ಬಾಕಿ ಇರುವಾಗ ಕಲ್ಲಿಗೆ ಸಾಲ! ನಾನು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಅಬ್ರಹಾಮ ಕೊಟ್ಟಿದ್ದು ತನ್ನ ಹತ್ತಿರ ಇದ್ದ ಬೆಳ್ಳಿ. ಯಾಕೋಬ ದಾರಿ ಮಧ್ಯದಲ್ಲಿ ನಿಲ್ಲಿಸಿದ್ದು ಒಂದು ಕಲ್ಲು. ಇದ್ದವನು ಇದ್ದ ಹಾಗೆ, ಇಲ್ಲದವನು ಇಲ್ಲದ ಹಾಗೆ. ಇಬ್ಬರ ಪ್ರೀತಿಯೂ ವಾಕ್ಯದಲ್ಲಿ ಬರೆದಿದೆ. ಅಮ್ಮಾ, ನಿನ್ನ ಗಂಡ ಬದುಕಿದ್ದಿದ್ದರೆ ಆ ದುಡ್ಡನ್ನ ಎಲ್ಲಿಗೆ ಕೊಡ್ತಿದ್ದ? ಮಗಳ ಫೀಸಿಗೆ. ಹಾಗಾದರೆ ಮೊದಲು ಅಲ್ಲಿಗೇ ಕೊಡು. ಅದೂ ಅವನ ಹೆಸರಿನ ಕಲ್ಲೇ. ಅವಳು ಅರ್ಜಿ ವಾಪಸ್ ತಗೊಂಡಳು. ದೇವರಿಗೆ ಸ್ತೋತ್ರ.

ಮೂರನೇ ಪ್ರಶ್ನೆ, ಏನು ಬರೆಸಬೇಕು?

ನನ್ನ ತಾಯಿ ಕರ್ತನ ಬಳಿಗೆ ಹೋದ ಮರುವರ್ಷ ನಾನು, ನಮ್ಮ ಅಕ್ಕ ಇಬ್ಬರೂ ಜಿಗಣಿ ಕಡೆ ಒಂದು ಕಲ್ಲಿನ ಯಾರ್ಡಿಗೆ ಹೋದೆವು. ಅಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ಕೇಳಿದ, "ಡೇಟ್ ಆಫ್ ಬರ್ತ್ ಹೇಳಿ ಸಾರ್." ಆಧಾರ್ ಕಾರ್ಡ್ ತೆಗೆದೆ. ಜನವರಿ 1. ನಮ್ಮ ಅಮ್ಮಂದಿರ ಕಾಲದವರು ಎಷ್ಟು ಜನ ಜನವರಿ 1ಕ್ಕೆ ಹುಟ್ಟಿಬಿಟ್ಟಿದ್ದಾರೆ ನೋಡಿ! ಹುಟ್ಟಿದ ದಿನ ಯಾರೂ ಬರೆದಿಡಲಿಲ್ಲ, ಕಾರ್ಡ್ ಮಾಡುವವರು ಹಾಕಿದ್ದೇ ದಿನ. ಅಕ್ಕ ಹೇಳಿದಳು, "ಬೇಡ ಕಣೋ. ಅಮ್ಮ ಸುಳ್ಳು ಹೇಳಿದವಳಲ್ಲ, ಅವಳ ಕಲ್ಲು ಯಾಕೆ ಸುಳ್ಳು ಹೇಳಬೇಕು?"

ಹಾಗಾದರೆ ಯಾವ ದಿನ ಹಾಕೋದು? ಅಕ್ಕ ಬ್ಯಾಗಿನಿಂದ ಅಮ್ಮನ ಬೈಬಲ್ ತೆಗೆದಳು. ನಮ್ಮ ಅಮ್ಮ ಶಾಲೆಗೆ ಹೋದವರಲ್ಲ. ವಯಸ್ಸಾದ ಮೇಲೆ, ವಾಕ್ಯ ಓದಬೇಕು ಅನ್ನೋ ಒಂದೇ ಆಸೆಗೆ ಅಕ್ಷರ ಕಲಿತವರು. ಆ ಬೈಬಲಿನ ಮೊದಲ ಪುಟದಲ್ಲಿ, ದಪ್ಪ ದಪ್ಪ ಅಕ್ಷರದಲ್ಲಿ, ತಾನು ದೀಕ್ಷಾಸ್ನಾನ ತಗೊಂಡ ದಿನವನ್ನ ಅವರೇ ಬರೆದಿಟ್ಟಿದ್ದರು. ದಿನ, ತಿಂಗಳು, ವರ್ಷ, ಭಾನುವಾರ ಅಂತ ಸಹ. ಲೋಕದ ಹುಟ್ಟುಹಬ್ಬ ಗೊತ್ತಿಲ್ಲ, ಆದರೆ ಹೊಸದಾಗಿ ಹುಟ್ಟಿದ ದಿನ ಚೆನ್ನಾಗಿ ಗೊತ್ತಿತ್ತು. ಹಲ್ಲೆಲೂಯ! ಅಮ್ಮನ ಕಲ್ಲಿನ ಮೇಲೆ ಅದೇ ಇದೆ. ಹೆಸರು, ದೀಕ್ಷಾಸ್ನಾನದ ದಿನ, ಕರ್ತನಲ್ಲಿ ನಿದ್ರೆಹೋದ ದಿನ.

ಅಲ್ಲಿ ಇನ್ನೊಂದು ವಿಷಯ ಆಯ್ತು. ಹುಡುಗ ಪ್ರಿಂಟ್ ತೆಗೆದು ತೋರಿಸಿದ. ಅಮ್ಮನ ಹೆಸರಿನಲ್ಲಿ ಒಂದು ಒತ್ತಕ್ಷರ ಇದೆ. ಫಾಂಟ್ ಬದಲಾದಾಗ ಆ ಒತ್ತು ಕಿತ್ತುಹೋಗಿ ಪಕ್ಕದಲ್ಲಿ ಬಿದ್ದಿತ್ತು. ಅಕ್ಕ ಬೆರಳಿಟ್ಟು ತೋರಿಸಿದಳು, ಅವನು ಸರಿಮಾಡಿದ. ಪೇಪರ್ ಮೇಲೆ ಇರುವಾಗ ಒಂದು ನಿಮಿಷದ ಕೆಲಸ. ಕಲ್ಲಿನ ಮೇಲೆ ಹೋದರೆ ಕಲ್ಲೇ ಬದಲಾಯಿಸಬೇಕು. ಆದ್ದರಿಂದ ಕನ್ನಡದಲ್ಲಿ ಬರೆಸುವವರು ಪ್ರತಿಯೊಂದು ಅಕ್ಷರ, ಒತ್ತು, ದೀರ್ಘ ನೋಡಿ, ಇನ್ನೊಬ್ಬರಿಗೂ ತೋರಿಸಿ, ಆಮೇಲೆ ಒಪ್ಪಿಗೆ ಕೊಡಿ.

ಮಕ್ಕಳ ಹೆಸರು ಹಾಕಿಸುವವರಿಗೆ ಒಂದು ಮಾತು. ಕೆಲವು ಕಲ್ಲು ನೋಡಿದ್ದೀನಿ, ಗಂಡುಮಕ್ಕಳ ಹೆಸರು, ಸೊಸೆಯರ ಹೆಸರು, ಮೊಮ್ಮಕ್ಕಳ ಹೆಸರು ಸಾಲಾಗಿ ಇರುತ್ತೆ. ನಾಲ್ಕು ವರ್ಷ ಪಕ್ಕದಲ್ಲಿ ಕೂತು ಮಲಮೂತ್ರ ತೆಗೆದ ಮಗಳ ಹೆಸರೇ ಇರಲ್ಲ. "ಅವಳು ಕೊಟ್ಟ ಹೆಣ್ಣು" ಅಂತಾರೆ. ಸಹೋದರರೇ, ಹಾಕಿದರೆ ಎಲ್ಲರ ಹೆಸರು ಹಾಕಿ, ಇಲ್ಲದಿದ್ದರೆ ಯಾರದ್ದೂ ಬೇಡ. ತಾಯಿ ತಂದೆ ಬದುಕಿರುವವರೆಗೂ ಒಂದಾಗಿದ್ದ ಮನೆ, ಅವರ ಕಲ್ಲಿನ ವಿಷಯಕ್ಕೆ ಒಡೆದರೆ ಆ ಕಲ್ಲಿಗೆ ಏನರ್ಥ?

ಈಗ 2 ಸಮುವೇಲ 18. ಇದು ಎಚ್ಚರಿಕೆಯ ಮಾತು. 18ನೇ ವಚನದಲ್ಲಿ ಅಬ್ಷಾಲೋಮನ ವಿಷಯ ಇದೆ. ತನ್ನ ಹೆಸರು ಉಳಿಸೋಕೆ ಮಗ ಇಲ್ಲ ಅಂತ, ಬದುಕಿರುವಾಗಲೇ ತನಗೆ ತಾನೇ ಒಂದು ಕಂಬ ನಿಲ್ಲಿಸಿಕೊಂಡ, ತನ್ನದೇ ಹೆಸರಿಟ್ಟ. ಅದರ ಹಿಂದಿನ ವಚನ, 17, ಏನು ಹೇಳುತ್ತೆ? ಅದೇ ಅಬ್ಷಾಲೋಮನನ್ನ ಕಾಡಿನ ಗುಂಡಿಗೆ ಎಸೆದು ಮೇಲೆ ಕಲ್ಲಿನ ಕುಪ್ಪೆ ಹಾಕಿದರು. ಹೆಸರಿನ ಕಲ್ಲು ಒಂದು ಕಡೆ, ದೇಹ ಇನ್ನೊಂದು ಕಡೆ. ಪಕ್ಕದ ಸಮಾಧಿಗಿಂತ ನಮ್ಮದು ಒಂದು ಅಡಿ ಎತ್ತರ ಇರಲಿ ಅಂತ ಆಸೆ ಬಂದಾಗ ಅಬ್ಷಾಲೋಮನನ್ನ ನೆನೆಸಿಕೊಳ್ಳಿ.

ಕಲ್ಲು ಶಾಶ್ವತವೂ ಅಲ್ಲ ಪ್ರಿಯರೇ. ಕನ್ನಡಿಗರಿಗೆ ಇದು ಚೆನ್ನಾಗಿ ಗೊತ್ತು. ಊರೂರಲ್ಲಿ ವೀರಗಲ್ಲು ನಿಲ್ಲಿಸಿದ ನಾಡು ನಮ್ಮದು. ಬೆಂಗಳೂರು ಅನ್ನೋ ಹೆಸರು ಸುಮಾರು ಕ್ರಿ.ಶ. 890ರಲ್ಲೇ ಇತ್ತು ಅಂತ ನಮಗೆ ತಿಳಿದದ್ದು ಬೇಗೂರಿನ ಒಂದು ವೀರಗಲ್ಲಿನಿಂದ. ಹೆಬ್ಬಾಳದಲ್ಲಿ ಕಿತ್ತಯ್ಯ ಅನ್ನುವವನ ವೀರಗಲ್ಲು ಸಿಕ್ಕಿತು, ಸುಮಾರು ಕ್ರಿ.ಶ. 750ರದ್ದು. ಸಿಕ್ಕಿದ್ದು 2018ರಲ್ಲಿ, ನೆಲ ಅಗೆಯುವಾಗ. ನೆನಪಿಗೆ ನಿಲ್ಲಿಸಿದ ಕಲ್ಲನ್ನೇ ಮಣ್ಣು ಮುಚ್ಚಿಬಿಟ್ಟಿತ್ತು. ನಾವು ಎಷ್ಟೇ ಗಟ್ಟಿ ಗ್ರಾನೈಟ್ ತಂದರೂ ನಮ್ಮ ನಿರೀಕ್ಷೆ ಅದರ ಮೇಲೆ ನಿಲ್ಲೋಕೆ ಆಗಲ್ಲ.

ಕಲ್ಲೇ ಇಲ್ಲದವರಿಗೆ ಈಗ ಒಂದು ಮಾತು. ಈ ಸಭೆಯಲ್ಲಿ ಅಂಥವರು ಇದ್ದೀರಿ ಅಂತ ನನಗೆ ಗೊತ್ತು. ಕೋವಿಡ್ ಕಾಲದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ದೇಹವನ್ನ ದೂರದಿಂದ ನೋಡಿ ಬಂದವರು ಇದ್ದೀರಿ. ಸಮಾಧಿ ಯಾವ ಸಾಲಿನಲ್ಲಿ ಇದೆ ಅಂತ ಈಗ ಹೋದರೆ ಸಿಗಲ್ಲ. "ನಮ್ಮ ಸಭೆಯವರಲ್ಲ" ಅಂತ ಒಂದು ಕಡೆ ಜಾಗ ಸಿಗದೆ, ಸಂಜೆವರೆಗೆ ದೇಹ ಇಟ್ಟುಕೊಂಡು ಅಲೆದವರೂ ಇದ್ದೀರಿ. ಅಬ್ರಹಾಮನ ನೋವು ನಿಮಗೆ ಯಾರೂ ವಿವರಿಸಬೇಕಾಗಿಲ್ಲ.

ಧರ್ಮೋಪದೇಶಕಾಂಡ 34:6 ನೋಡಿ. ಮೋಶೆಗಿಂತ ದೊಡ್ಡ ಪ್ರವಾದಿ ಯಾರು? ಅವನ ಸಮಾಧಿ ಎಲ್ಲಿದೆ? ಯಾರಿಗೂ ಗೊತ್ತಿಲ್ಲ ಅಂತ ವಾಕ್ಯವೇ ಹೇಳುತ್ತೆ. ಅವನನ್ನ ಮಣ್ಣು ಮಾಡಿದ್ದು ದೇವರೇ. ಕಲ್ಲಿಲ್ಲ, ಹೆಸರಿಲ್ಲ, ಹೂವಿಲ್ಲ. ಆದರೆ ರೂಪಾಂತರದ ಬೆಟ್ಟದ ಮೇಲೆ ಯೇಸುವಿನ ಪಕ್ಕದಲ್ಲಿ ನಿಂತು ಮಾತಾಡಿದವನು ಅದೇ ಮೋಶೆ! ಮನುಷ್ಯರಿಗೆ ಗುರುತು ಸಿಗದ ಸಮಾಧಿ ದೇವರಿಗೆ ಗುರುತು ಸಿಗುತ್ತೆ. ಅಕ್ಕಾ, ಅಣ್ಣಾ, ನಿಮ್ಮವರು ಎಲ್ಲಿ ಮಲಗಿದ್ದಾರೆ ಅಂತ ನಿಮಗೆ ಗೊತ್ತಿಲ್ಲದಿರಬಹುದು. ಕಳೆದುಹೋಗಿಲ್ಲ ಅವರು.

ನಮ್ಮ ಕರ್ತನಿಗೂ ಸ್ವಂತ ಸಮಾಧಿ ಇರಲಿಲ್ಲ. ಅರಿಮಥಾಯದ ಯೋಸೇಫ ತನಗಾಗಿ ತೋಡಿಸಿದ್ದ ಗವಿಯಲ್ಲಿ ಇಟ್ಟರು. ಬಾಗಿಲಿಗೆ ಒಂದು ದೊಡ್ಡ ಕಲ್ಲು. ಭಾನುವಾರ ಬೆಳಗಿನ ಜಾವ ಹೋದ ಹೆಂಗಸರಿಗೆ ದಾರಿಯುದ್ದಕ್ಕೂ ಒಂದೇ ಚಿಂತೆ, ಆ ಕಲ್ಲನ್ನ ಉರುಳಿಸುವವರು ಯಾರು? ಮಾರ್ಕ 16. ಹೋಗಿ ನೋಡಿದರೆ ಕಲ್ಲು ಆಗಲೇ ಉರುಳಿಸಿಯಾಗಿತ್ತು! ನಾವು ತೂಕ ನೋಡಿ, ರೇಟು ಕೇಳಿ, ಕಾಂಕ್ರೀಟ್ ಹಾಕಿ ಕೂರಿಸುವ ಕಲ್ಲು ಎಷ್ಟೇ ಭಾರ ಇರಲಿ, ಆತನು ಬರುವ ದಿನ ಅದು ಯಾರನ್ನೂ ತಡೆಯೋಕೆ ಆಗಲ್ಲ. ಕ್ರಿಸ್ತನಲ್ಲಿ ಸತ್ತವರು ಮೊದಲು ಎದ್ದು ಬರ್ತಾರೆ, 1 ಥೆಸಲೋನಿಕ 4:16. ಹಲ್ಲೆಲೂಯ ಅನ್ನಿ!

ಕೊನೆಗೆ ಆದಿಕಾಂಡ 35ಕ್ಕೆ ವಾಪಸ್ ಬನ್ನಿ. 20ನೇ ವಚನದಲ್ಲಿ ಯಾಕೋಬ ಕಲ್ಲು ನಿಲ್ಲಿಸಿದ. 21ನೇ ವಚನದಲ್ಲಿ ಏನಿದೆ? ಅಲ್ಲಿಂದ ಹೊರಟು ಮುಂದೆ ಹೋಗಿ ಗುಡಾರ ಹಾಕಿದ. ಗಮನಿಸಿ, 20ರಲ್ಲಿ ಯಾಕೋಬ ಅಂತ ಇದೆ, 21ರಲ್ಲಿ ಇಸ್ರಾಯೇಲ ಅಂತ ಇದೆ. ಹೆಂಡತಿ ಕಳಕೊಂಡ ಗಂಡನಾಗಿ ಕಲ್ಲು ನಿಲ್ಲಿಸಿದವನು, ದೇವರು ಕೊಟ್ಟ ಹೆಸರಿನಲ್ಲಿ ಎದ್ದು ಮುಂದೆ ಹೋದ. ಕಂಕುಳಲ್ಲಿ ತಾಯಿಯಿಲ್ಲದ ಕೂಸು ಬೆನ್ಯಾಮೀನ ಇತ್ತು. ಅವನಿಗೆ ಹಾಲು ಬೇಕು, ನೆರಳು ಬೇಕು. ಯಾಕೋಬ ಮರೆತನಾ? ಇಲ್ಲ. 48:7ರಲ್ಲಿ, ಐಗುಪ್ತದಲ್ಲಿ ಮುದುಕನಾಗಿ ಹಾಸಿಗೆ ಹಿಡಿದಿರುವಾಗಲೂ ಆ ದಾರಿಯನ್ನ, ಆ ಸಮಾಧಿಯನ್ನ ಹೇಳ್ತಾನೆ. ಮರೆಯದೆಯೇ ಮುಂದೆ ಹೋದ.

ನಮ್ಮಲ್ಲಿ ಕೆಲವರಿಗೆ ಇನ್ನೂ 20ನೇ ವಚನ ಬಾಕಿ ಇದೆ. ಹೋಗಿ, ನಿಮ್ಮ ಕೈಲಾದ ಕಲ್ಲು ನಿಲ್ಲಿಸಿ, ಹೆಸರು ಸರಿಯಾಗಿ ಬರೆಸಿ. ಕೈಯಲ್ಲಿ ಆಗ್ತಾ ಇಲ್ಲ ಅನ್ನುವವರು ಸಾಲಕ್ಕೆ ಹೋಗುವ ಮೊದಲು ನನ್ನ ಹತ್ತಿರ, ಇಲ್ಲವೇ ಹಿರಿಯರ ಹತ್ತಿರ ಬನ್ನಿ. ಒಂದು ಚಿಕ್ಕ ಹೆಸರಿನ ಕಲ್ಲಿಗೆ ಸಭೆ ನಿಮ್ಮ ಜೊತೆ ನಿಲ್ಲುತ್ತೆ. ಇನ್ನು ಕೆಲವರು 20ನೇ ವಚನದಲ್ಲೇ ನಿಂತುಬಿಟ್ಟಿದ್ದೀರಿ. ಕಲ್ಲು ಹಾಕಿ ವರ್ಷಗಳಾದವು, ಮನಸ್ಸು ಮಾತ್ರ ಅಲ್ಲೇ ಕೂತಿದೆ. ಮನೆಯಲ್ಲಿ ನಿಮ್ಮ ಬೆನ್ಯಾಮೀನ ಹಸಿದಿದ್ದಾನೆ. ಏಳಿ.

ಪ್ರಕಟನೆ 2:17ರಲ್ಲಿ ಕರ್ತನೇ ಒಂದು ಕಲ್ಲು ಕೊಡ್ತೀನಿ ಅಂತ ವಾಗ್ದಾನ ಮಾಡಿದ್ದಾರೆ. ಬಿಳೀ ಕಲ್ಲು, ಅದರ ಮೇಲೆ ಹೊಸ ಹೆಸರು. ಅದನ್ನ ನಾವು ಕೊಂಡುಕೊಳ್ಳೋಕೆ ಆಗಲ್ಲ, ಜಯಿಸಿದವರಿಗೆ ಆತನೇ ಕೈಗೆ ಕೊಡ್ತಾನೆ. ಆ ಹೆಸರು ಮಳೆಗೆ ಮಾಸಲ್ಲ.

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ.

ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ಲಾಜರನ ಸಮಾಧಿ ಹತ್ತಿರ ಅತ್ತ ಯೇಸುವೇ, ಇಲ್ಲಿ ಅಳುವವರ ಪಕ್ಕದಲ್ಲಿ ನಿಲ್ಲಪ್ಪಾ. ವಿಧವೆಯರನ್ನ ಮಾತಿನ ಪೆಟ್ಟಿನಿಂದ ಕಾಪಾಡು. ಅಣ್ಣತಮ್ಮಂದಿರು, ಅಕ್ಕತಂಗಿಯರು ಒಂದೇ ಮನಸ್ಸಿನಿಂದ ತಮ್ಮ ತಂದೆತಾಯಿಯನ್ನ ಗೌರವಿಸಲಿ. ಗುರುತಿಲ್ಲದ ಸಮಾಧಿಗಳಲ್ಲಿ ಮಲಗಿರುವ ನಮ್ಮವರನ್ನ ನೀನು ಹೆಸರು ಹಿಡಿದು ಕರೆಯುವ ದಿನಕ್ಕಾಗಿ ಕಾಯ್ತಾ ಇದ್ದೀವಿ. ಆ ದಿನದವರೆಗೆ ನಮ್ಮ ಗುಡಾರಗಳನ್ನ ಎತ್ತಿಕೊಂಡು ನಿನ್ನ ಹಿಂದೆ ನಡೆಯೋಕೆ ಬಲ ಕೊಡು. ಯೇಸು ಕ್ರಿಸ್ತನ ನಾಮದಲ್ಲಿ ಬೇಡಿಕೊಳ್ತೀವಿ ತಂದೆಯೇ, ಆಮೆನ್.